ಒಂದೇ ತೋಟದ ಕಾಫಿ: ಹಸಿ ಬೀಜದಿಂದ ಲೋಟದವರೆಗೆ, ಮೈಸೂರಿನ ಅಡುಗೆಮನೆಯಲ್ಲೇ

ಮೈಸೂರು ಊರಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೂ ಹೊರದೇಶಕ್ಕೆ ಹೋಗುವ ಅರೇಬಿಕಾ ಜಾತಿಯ ದಪ್ಪ ಬೀಜದ ಒಂದು ದರ್ಜೆಗೆ ‘ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್’ ಅಂತಲೇ ಹೆಸರು. ಬೀಜ ಕೊಡಗು, ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಬಿಳಿಗಿರಿ ಕಡೆಯದು. ಹೆಸರು ಮಾತ್ರ ಹಳೇ ಸಂಸ್ಥಾನದ್ದು. ನಾವೋ, ಆ ಬೆಟ್ಟಗಳಿಂದ ಕೆಲವೇ ಗಂಟೆ ದೂರದಲ್ಲಿ ಕೂತು, ಯಾವ ತೋಟದ್ದೆಂದು ಯಾರಿಗೂ ಗೊತ್ತಿಲ್ಲದ ಪುಡಿಯನ್ನು ‘ಎಂಬತ್ತಕ್ಕೆ ಇಪ್ಪತ್ತು ಚಿಕೋರಿ ಹಾಕಿ’ ಅಂತ ಕಟ್ಟಿಸಿಕೊಂಡು ಬರುತ್ತೇವೆ. ನಾನೂ ನಲವತ್ತು ವರ್ಷ ಹಾಗೇ ಕುಡಿದವನು. ಅದರ ಮೇಲೆ ಸಿಟ್ಟೇನೂ ಇಲ್ಲ, ಇವತ್ತೂ ನೆಂಟರ ಮನೆಯಲ್ಲಿ ಕೊಟ್ಟರೆ ಎರಡು ಲೋಟ ಕುಡಿಯುತ್ತೇನೆ.

ಆರು ವರ್ಷದಿಂದ ಸರಸ್ವತಿಪುರಂನ ನಮ್ಮ ಮನೆಗೆ ಮಾತ್ರ ಹಸಿ ಬೀಜ ತರುತ್ತೇನೆ, ನಾನೇ ಹುರಿಯುತ್ತೇನೆ. ಯಂತ್ರ ಗಿಂತ್ರ ಏನೂ ಇಲ್ಲ. ಕಬ್ಬಿಣದ ಬಾಣಲೆ, ಮರದ ಸೌಟು, ಮೊರ, ಗ್ರಾಂ ತೋರಿಸುವ ಸಣ್ಣ ತಕ್ಕಡಿ, ಕೈಯಲ್ಲಿ ತಿರುಗಿಸುವ ಗ್ರೈಂಡರ್, ಮನೆಯ ಹಳೇ ಫಿಲ್ಟರ್. ಇಷ್ಟಿದ್ದರೆ ಸಾಕು. ಬೀಜ ಪುಡಿಯಾಗುವುದನ್ನು ಎಷ್ಟು ತಡ ಮಾಡುತ್ತೀರೋ ಅಷ್ಟೂ ತೋಟದ ರುಚಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಕೆಳಗೆ ಹೇಳುವುದೆಲ್ಲ ಈ ಒಂದು ಮಾತಿನ ವಿವರ.

ತೋಟದ ಹೆಸರು ಎಲ್ಲಿ ಕಳೆದುಹೋಗುತ್ತದೆ

‘ಸಿಂಗಲ್ ಒರಿಜಿನ್’ ಅಂದರೆ ಒಂದೇ ಮೂಲದ ಕಾಫಿ. ಆದರೆ ಮೂಲ ಎನ್ನುವುದು ಹಿಗ್ಗುವ ಮಾತು. ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಬಾಬಾಬುಡನ್‌ಗಿರಿ ಅರೇಬಿಕಾಗಳಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು, ಸಂತೋಷ. ಆದರೆ ಪೊಟ್ಟಣದ ಮೇಲೆ ಬರೀ ‘ಕೊಡಗು’ ಅಂತಿದ್ದರೆ ಅದು ‘ಮಂಡ್ಯದ ಬೆಲ್ಲ’ ಅಂದಷ್ಟೇ. ಯಾವ ಆಲೆಮನೆ? ಯಾವ ಪಾಕ? ನಮಗೆ ಬೇಕಾದದ್ದು ಊರು, ತೋಟ, ತಳಿ, ಕುಯ್ಲಿನ ವರ್ಷ.

ಇದು ಸುಲಭಕ್ಕೆ ಸಿಗದಿರುವುದಕ್ಕೆ ಕಾರಣವಿದೆ. 1942ರ ಕಾಫಿ ಕಾಯ್ದೆಯ ವ್ಯವಸ್ಥೆಯಲ್ಲಿ ಬೆಳೆಗಾರ ತನ್ನ ಕಾಫಿಯನ್ನು ಸರ್ಕಾರದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು; ಅಲ್ಲಿ ಎಲ್ಲರದೂ ದರ್ಜೆವಾರು ಸೇರಿಹೋಗುತ್ತಿತ್ತು. ತೊಂಬತ್ತರ ದಶಕದಲ್ಲಿ ಆ ಕಟ್ಟು ಹಂತಹಂತವಾಗಿ ಸಡಿಲವಾಗಿ, 1996ರ ಹೊತ್ತಿಗೆ ಬೆಳೆಗಾರ ತನ್ನ ಕಾಫಿಯನ್ನು ತಾನೇ ಮಾರುವಂತಾಯಿತು. ಅಂದರೆ ತೋಟದ ಹೆಸರಲ್ಲಿ ಕಾಫಿ ಮಾರುವ ರೂಢಿಗೆ ನಮ್ಮಲ್ಲಿ ಇನ್ನೂ ಹೆಚ್ಚು ವಯಸ್ಸಾಗಿಲ್ಲ.

ಈಗಲೂ ನಾಲ್ಕೈದು ಎಕರೆಯವರ ಕಥೆ ಬೇರೆ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಸಣ್ಣವು. ಅವರಲ್ಲಿ ಅನೇಕರಿಗೆ ಹಣ್ಣಿನ ಸಿಪ್ಪೆ ತೆಗೆಯುವ ಪಲ್ಪರ್ ಇಲ್ಲ, ತೊಳೆಯಲು ನೀರಿಲ್ಲ, ಒಣಗಿಸಲು ಸಿಮೆಂಟಿನ ಕಣವೂ ಸಾಲದು. ಹಣ್ಣನ್ನು ಹಾಗೇ ಒಣಗಿಸಿ ‘ಚೆರಿ’ ಮಾಡಿ, 50 ಕೆಜಿ ಚೀಲದ ಲೆಕ್ಕದಲ್ಲಿ ಪೇಟೆಯ ವ್ಯಾಪಾರಿಗೆ ಹಾಕುತ್ತಾರೆ. ವ್ಯಾಪಾರಿ ಔಟ್ ಟರ್ನ್ ನೋಡಿ, ಅಂದರೆ ಚೀಲಕ್ಕೆ ಎಷ್ಟು ಬೀಜ ಬೀಳುತ್ತದೆ ಅಂತ ಅಂದಾಜಿಸಿ, ರೇಟು ಕಟ್ಟುತ್ತಾನೆ. ಚೀಲ ಲಾರಿ ಹತ್ತಿದ ಕೂಡಲೇ ತೋಟದ ಹೆಸರು ಮುಗಿಯಿತು. ಹಾಗಾಗಿ ನಾವು ಬೆಳೆಗಾರರನ್ನು ಕಾಣಬೇಕಾದದ್ದು ಚೀಲ ಲಾರಿ ಹತ್ತುವ ಮೊದಲು.

ಯಾವಾಗ ಹೋಗಬೇಕು, ಯಾವ ದಾರಿ

ಅರೇಬಿಕಾ ಕುಯ್ಲು ನವೆಂಬರಿನಿಂದ ಜನವರಿ, ಇನ್ನೊಂದು ಜಾತಿಯಾದ ರೊಬಸ್ಟಾದ್ದು ಜನವರಿಯಿಂದ ಮಾರ್ಚ್. ಕುಯ್ಲಿನ ಮಧ್ಯೆ ಫೋನ್ ಮಾಡಿದರೆ ಯಾರೂ ಎತ್ತುವುದಿಲ್ಲ, ಎತ್ತಿದರೂ ಆಳು ಸಿಗದ ಸಂಕಟವನ್ನೇ ಹೇಳುತ್ತಾರೆ. ಡಿಸೆಂಬರಿನಲ್ಲಿ ಒಮ್ಮೆ ಹೋಗಿ ಕಣ ನೋಡಿಬನ್ನಿ; ಬೀಜ ಕೊಳ್ಳುವುದನ್ನು ಮಾರ್ಚ್ ಏಪ್ರಿಲ್‌ಗೆ ಇಟ್ಟುಕೊಳ್ಳಿ.

ನಮಗೆ ಮೂರು ದಿಕ್ಕು. ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರದ ಮೇಲೆ ಕೊಡಗು. ಇದು ಹತ್ತಿರ, ಬಸ್ಸೂ ಧಾರಾಳ. ಚಾಮರಾಜನಗರ ಅಥವಾ ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟ. ಅಲ್ಲಿನ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಸೋಲಿಗರು ಕಾಡಿನ ಮರದ ನೆರಳಲ್ಲೇ ಕಾಫಿ ಬೆಳೆಯುತ್ತಾರೆ. ಮೂರನೆಯದು ಹಾಸನದ ಮೇಲೆ ಸಕಲೇಶಪುರ, ಚಿಕ್ಕಮಗಳೂರು. ಮೊದಲ ವರ್ಷ ಒಂದೇ ದಿಕ್ಕು ಹಿಡಿಯಿರಿ. ನಾನು ಹಿಡಿದದ್ದು ಸೋಮವಾರಪೇಟೆ ಕಡೆ, ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ನಮ್ಮ ಭಾವನ ಸಹೋದ್ಯೋಗಿಯ ಊರು.

ಎತ್ತರ ಕೇಳುವುದನ್ನು ಮರೆಯಬೇಡಿ, ಆದರೆ ಅದಕ್ಕೇ ಮರುಳಾಗಬೇಡಿ. ಎತ್ತರದಲ್ಲಿ ತಂಪು, ಹಣ್ಣು ನಿಧಾನಕ್ಕೆ ಮಾಗುತ್ತದೆ, ಬೀಜ ಗಟ್ಟಿಯಾಗುತ್ತದೆ, ಹುಳಿ ಸಿಹಿ ಎರಡೂ ಏರುತ್ತವೆ. ಕೊಡಗಿನ ತೋಟಗಳು ಹೆಚ್ಚಾಗಿ 750ರಿಂದ 1,100 ಮೀಟರ್; ಬಾಬಾಬುಡನ್‌ಗಿರಿಯದು 1,000ರಿಂದ 1,500. ಆದರೆ 1,300 ಮೀಟರಿನಲ್ಲಿ ಕಾಯಿ ಹಣ್ಣು ಒಟ್ಟಿಗೆ ಸವರಿ ತೆಗೆದ ಕಾಫಿಗಿಂತ 900 ಮೀಟರಿನಲ್ಲಿ ಹಣ್ಣು ಮಾತ್ರ ಆರಿಸಿ ಕುಯ್ದದ್ದು ಎಷ್ಟೋ ಮೇಲು.

ಬೆಳೆಗಾರರನ್ನು ಏನು ಕೇಳಬೇಕು

ಮೊದಲು ತಳಿ. ಅರೇಬಿಕಾ ಆದರೆ ‘ಎಸ್ 795’ ಅನ್ನುವ ಉತ್ತರ ಹೆಚ್ಚಾಗಿ ಸಿಗುತ್ತದೆ. 1925ರಲ್ಲಿ ಶುರುವಾದ ಬಾಳೆಹೊನ್ನೂರಿನ ಸಂಶೋಧನಾ ಕೇಂದ್ರದಿಂದ ನಲವತ್ತರ ದಶಕದಲ್ಲಿ ಹೊರಬಂದ ತಳಿ. ನನ್ನ ನಾಲಿಗೆಗೆ ಅದರಲ್ಲಿ ಬೆಲ್ಲ, ಹಣ್ಣಾದ ಹುಣಸೆ ಎರಡೂ ಸಿಗುತ್ತವೆ. ಸೆಲೆಕ್ಷನ್ 9, ಕಾವೇರಿ, 2007ರಲ್ಲಿ ಬಿಡುಗಡೆಯಾದ ಚಂದ್ರಗಿರಿ ಕೂಡ ಸಿಗಬಹುದು. ರೊಬಸ್ಟಾದಲ್ಲಿ ‘ಸಿ ಇಂಟು ಆರ್’ (ಕಾಂಜೆನ್ಸಿಸ್, ರೊಬಸ್ಟಾ ಎರಡರ ಮಿಶ್ರತಳಿ) ಅಂದರೆ ಖುಷಿಪಡಿ, ರುಚಿ ಮೃದು. ರೊಬಸ್ಟಾ ಅಂದ ಕೂಡಲೇ ಮೂಗು ಮುರಿಯುವವರಿದ್ದಾರೆ. ಹಣ್ಣು ಆರಿಸಿ, ತೊಳೆದು, ಬೀಜವನ್ನು ಒಳಪೊರೆಯೊಂದಿಗೇ ಒಣಗಿಸಿ, ಅಂದರೆ ಪಾರ್ಚ್‌ಮೆಂಟ್ ಮಾಡಿದ ರೊಬಸ್ಟಾ ಕುಡಿದು ನೋಡಿ ಆಮೇಲೆ ಮುರಿಯಲಿ.

ಎರಡನೆಯದು, ಎಷ್ಟು ಸುತ್ತು ಕುಯ್ದಿರಿ? ಗಿಡದಲ್ಲಿ ಎಲ್ಲ ಹಣ್ಣೂ ಒಟ್ಟಿಗೆ ಕೆಂಪಾಗುವುದಿಲ್ಲ. ಮೂರು ನಾಲ್ಕು ಸುತ್ತು ಅಂದರೆ ಹಣ್ಣು ಆರಿಸಿದ್ದಾರೆ, ಅಷ್ಟು ಸಲ ಕೂಲಿಯನ್ನೂ ಕೊಟ್ಟಿದ್ದಾರೆ. ಒಂದು ಕೆಜಿ ಹಸಿ ಬೀಜಕ್ಕೆ ಐದಾರು ಕೆಜಿ ಹಣ್ಣು ಬೇಕು. ಇದು ತಲೆಯಲ್ಲಿದ್ದರೆ ಚೌಕಾಸಿಗೆ ಬಾಯಿ ಬರುವುದಿಲ್ಲ.

ಮೂರನೆಯದು ಸಂಸ್ಕರಣೆ. ಹಣ್ಣಿನ ಸಿಪ್ಪೆ ತೆಗೆದು, ಅಂಟು ಹೋಗುವಂತೆ ಹುಳಿಬರಿಸಿ ತೊಳೆದು ಒಣಗಿಸಿದ್ದು ವಾಶ್ಡ್. ಸ್ವಚ್ಛ, ತೆಳು ಹುಳಿ. ಹಣ್ಣು ಇಡಿಯಾಗಿ ಒಣಗಿಸಿದ್ದು ನ್ಯಾಚುರಲ್. ಸರಿಯಾಗಿ ಮಾಡಿದ್ದರೆ ಹಲಸಿನ ತೊಳೆಯ ವಾಸನೆ, ತಪ್ಪಿದರೆ ಕಳ್ಳಿನ ವಾಸನೆ. ಸಿಪ್ಪೆ ಮಾತ್ರ ತೆಗೆದು ಅಂಟು ಹಾಗೇ ಉಳಿಸಿ ಒಣಗಿಸಿದ್ದು ‘ಹನಿ’, ಇಂಗ್ಲಿಷಿನ ಜೇನು. ಜೇನಿಗೂ ಅದಕ್ಕೂ ಸಂಬಂಧವಿಲ್ಲ. ಮೊದಲ ಸಲಕ್ಕೆ ವಾಶ್ಡ್ ತನ್ನಿ. ತಪ್ಪು ಅದರಲ್ಲಿ ಅಡಗಿಕೊಳ್ಳಲು ಜಾಗ ಕಡಿಮೆ.

ನಾಲ್ಕನೆಯದನ್ನು ಯಾರೂ ಕೇಳುವುದಿಲ್ಲ, ನನಗೆ ಮುಖ್ಯವೇ ಅದು: ಮಳೆಗಾಲದಲ್ಲಿ ಬೀಜ ಎಲ್ಲಿತ್ತು? ಜೂನ್‌ನಿಂದ ಮಲೆನಾಡಿನ ಗಾಳಿಯಲ್ಲೇ ನೀರು. 10-12 ಶೇಕಡಾ ತೇವಕ್ಕೆ ಒಣಗಿಸಿದ ಬೀಜವೂ ಚೀಲದೊಳಗೇ ತೇವ ಹೀರಿ, ಊದಿ, ಬಿಳಿಚಿಕೊಳ್ಳುತ್ತದೆ. ಇದನ್ನೇ ಕರಾವಳಿಯಲ್ಲಿ ಬೇಕೆಂದು, ಲೆಕ್ಕವಿಟ್ಟು ಮಾಡಿದರೆ ಮಾನ್ಸೂನ್ಡ್ ಮಲಬಾರ್ ಎಂಬ ಕಾಫಿ. ಬೇಡದೆ ಆದರೆ ಬೂಸಲು. ಒಮ್ಮೆ ಆಗಸ್ಟಿನಲ್ಲಿ ಅಂಗಡಿಯೊಂದರಲ್ಲಿ ಐದು ಕೆಜಿ ಕೊಂಡೆ. ಮನೆಗೆ ತಂದು ಬಿಚ್ಚಿದರೆ ಗೋಣಿಚೀಲದ ವಾಸನೆ. ಕೇಳಿದ್ದಕ್ಕೆ ‘ಅದು ಮಾನ್ಸೂನ್ಡ್ ಸಾರ್, ಸ್ಪೆಷಲ್’ ಅಂದರು. ಐದು ಕೆಜಿಯೂ ಮಲ್ಲಿಗೆ ಗಿಡದ ಬುಡಕ್ಕೆ ಹೋಯಿತು. ಅಂದಿನಿಂದ ಮೇ ಕೊನೆಯೊಳಗೆ ವರ್ಷದ ಬೀಜವನ್ನು ಮೈಸೂರಿಗೆ ತಂದುಬಿಡುತ್ತೇನೆ. ಇಲ್ಲಿನ ಒಣ ಹವೆಯೇ ನಮಗೆ ಗೋದಾಮು. ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಅದನ್ನು ಸ್ಟೀಲ್ ಡಬ್ಬಿಯಲ್ಲಿಟ್ಟು, ಒಲೆಯಿಂದ ದೂರ, ನೆಲದಿಂದ ಮೇಲೆ.

ಬೀಜ ಪರೀಕ್ಷೆ

ಮೇಲ್ದರ್ಜೆಯ ಕಾಫಿಗೆ ಹೇಳುವ ‘ಸ್ಪೆಷಾಲಿಟಿ’ ಅನ್ನುವ ಮಾತಿಗೆ ಬಹುಕಾಲದಿಂದ ರೂಢಿಯಲ್ಲಿರುವ ಅಳತೆಯಿದೆ: ತರಬೇತಾದವರು ಕುಡಿದು ನೂರಕ್ಕೆ 80 ಅಥವಾ ಹೆಚ್ಚು ಅಂಕ ಕೊಟ್ಟಿರಬೇಕು, 350 ಗ್ರಾಂ ಹಸಿ ಬೀಜದಲ್ಲಿ ದೊಡ್ಡ ದೋಷ ಒಂದೂ ಇರಬಾರದು. ಎಷ್ಟೋ ಪೊಟ್ಟಣಗಳ ಮೇಲೆ ಆ ಪದ ಸುಮ್ಮನೆ ಕೂತಿರುತ್ತದೆ. ನಿಮ್ಮ ಪರೀಕ್ಷೆ ನೀವೇ ಮಾಡಿ.

100 ಗ್ರಾಂ ಬಿಳಿ ತಟ್ಟೆಗೆ ಸುರಿದು ಕಿಟಕಿ ಬಳಿ ಕೂತುಕೊಳ್ಳಿ, ಅಕ್ಕಿ ಆರಿಸುವ ಹಾಗೆ. ಕರಿ ಬೀಜ, ಬೋರರ್ ಹುಳ ಕೊರೆದು ಗುಂಡುಸೂಜಿಯ ತೂತಿರುವ ಬೀಜ, ಒಡಕು, ಬಿಳಿಚಿದ್ದು ಬೇರೆ ಮಾಡಿ. ನಾಲ್ಕೈದು ಸಿಕ್ಕರೆ ಆರಿಸಿ ಎಸೆದರಾಯಿತು. ಹಿಡಿ ತುಂಬ ಸಿಕ್ಕರೆ ಚೀಲ ವಾಪಸ್. ಒಂದು ಬೀಜ ಹಲ್ಲಿನಲ್ಲಿ ಒತ್ತಿ ನೋಡಿ. ಒಣಗಿದ್ದಕ್ಕೆ ಹಲ್ಲು ಇಳಿಯುವುದಿಲ್ಲ, ಗುರುತು ಬಿದ್ದರೆ ಇನ್ನೂ ತೇವ. ದುಂಡಗೆ ಒಂಟಿ ಬೀಜ ಸಿಕ್ಕರೆ ದೋಷ ಅಂತ ಎಸೆಯಬೇಡಿ, ಅದು ಪೀಬೆರಿ. ಹಣ್ಣಿನಲ್ಲಿ ಎರಡರ ಬದಲು ಒಂದೇ ಬೆಳೆದದ್ದು.

ಹುರಿಯುವುದು

ಇಲ್ಲಿ ಸಮಯ ಕೊಡಿ. ದಪ್ಪ ತಳದ ಬಾಣಲೆಗೆ 200 ಗ್ರಾಂ, ಅದಕ್ಕಿಂತ ಹೆಚ್ಚು ಬೇಡ. ನನ್ನ ಮೊದಲ ಭಾನುವಾರ ಅರ್ಧ ಕೆಜಿ ಸುರಿದಿದ್ದೆ. ಕೆಳಗಿನದು ಇದ್ದಿಲು, ಮೇಲಿನದು ಹಸಿರು. ಅಮ್ಮ ಬಾಗಿಲಲ್ಲಿ ನಿಂತು, ‘ರವೆ ಹುರಿಯೋಕೂ ಬಾರದವನು ಕಾಫಿ ಹುರೀತಾನಂತೆ’ ಅಂದಳು.

ಕಿಟಕಿ ತೆಗೆದಿಡಿ. ಬಾಣಲೆ ಚೆನ್ನಾಗಿ ಕಾದ ಮೇಲೆ ಬೀಜ ಹಾಕಿ, ಮಧ್ಯಮ ಉರಿ, ಸೌಟು ನಿಲ್ಲಬಾರದು. ಮೊದಲು ಹಸಿ ಹುಲ್ಲಿನ ವಾಸನೆ. ಐದಾರು ನಿಮಿಷಕ್ಕೆ ಬೀಜ ಅರಿಶಿನ ಬಣ್ಣಕ್ಕೆ ತಿರುಗಿ ಹುರಿದ ಗೋಧಿಯ ಘಮ ಬರುತ್ತದೆ. ಆಮೇಲೆ ತೆಳು ಹೊಟ್ಟು ಬಿಡುತ್ತದೆ, ಒಲೆಯ ಸುತ್ತ ಹಾರುತ್ತದೆ. ಇದನ್ನು ತಪ್ಪಿಸುವ ಉಪಾಯ ನನಗೆ ಸಿಕ್ಕಿಲ್ಲ, ಪೊರಕೆ ಹತ್ತಿರ ಇಟ್ಟುಕೊಳ್ಳಿ. ಒಂಬತ್ತು ಹತ್ತನೇ ನಿಮಿಷದ ಹೊತ್ತಿಗೆ ಕಿವಿ ಕೊಡಿ. ‘ಚಟ್’ ಅಂತ ಒಂದು, ತಡೆದು ಇನ್ನೊಂದು, ಆಮೇಲೆ ಒಗ್ಗರಣೆಯ ಸಾಸಿವೆಯ ಹಾಗೆ ಸಾಲಾಗಿ. ಇದು ಮೊದಲ ಸಿಡಿತ. ಶುರುವಾದ ಕೂಡಲೇ ಉರಿ ಸ್ವಲ್ಪ ಇಳಿಸಿ, ಆರಿಸಬೇಡಿ. ಸಿಡಿತ ಶುರುವಾದ ಮೇಲೆ ಒಂದೂವರೆ ನಿಮಿಷಕ್ಕೆ ತೆಗೆದರೆ ಕಪ್ಪು ಕಾಫಿಗೆ. ಎರಡೂವರೆ ಮೂರು ನಿಮಿಷ ಬಿಟ್ಟು, ಹುಣಸೆಬೀಜದ ಬಣ್ಣಕ್ಕೆ ಬಂದಾಗ ತೆಗೆದರೆ ಫಿಲ್ಟರಿಗೆ. ಇನ್ನೂ ಬಿಟ್ಟರೆ ಒಣ ಎಲೆ ಮುರಿದಂತೆ ಸಣ್ಣ ಸದ್ದಿನ ಎರಡನೇ ಸಿಡಿತ, ಮೈಮೇಲೆ ಎಣ್ಣೆ. ಅಲ್ಲಿಗೆ ಹೋದರೆ ಸೋಮವಾರಪೇಟೆಯದೂ ಒಂದೇ, ಎಲ್ಲಿಯದೂ ಒಂದೇ.

ಇಳಿಸಿದ ಬೀಜ ತನ್ನ ಬಿಸಿಗೇ ಹುರಿಯುತ್ತಿರುತ್ತದೆ. ತಕ್ಷಣ ಮೊರಕ್ಕೆ ಹಾಕಿ ಫ್ಯಾನಿನ ಕೆಳಗೆ ಕೇರಿ. ಹೊಟ್ಟು ಹಾರುತ್ತದೆ, ಬೀಜ ಆರುತ್ತದೆ, ಒಂದೇ ಕೆಲಸದಲ್ಲಿ ಎರಡು.

ಆರಿದ ಮೇಲೆ ತೂಗಿ. ಬಣ್ಣ ಮೋಸ ಮಾಡುತ್ತದೆ, ತಕ್ಕಡಿ ಮಾಡುವುದಿಲ್ಲ. 200 ಗ್ರಾಂ ಇದ್ದದ್ದು 170ರ ಆಸುಪಾಸಿಗೆ ಇಳಿದಿದ್ದರೆ ಮಧ್ಯಮ ಹುರಿ. 175ಕ್ಕಿಂತ ಮೇಲಿದ್ದರೆ ಒಳಗೆ ಹಸಿ ಉಳಿದಿರುವ ಸಾಧ್ಯತೆ. 163ಕ್ಕೆ ಇಳಿದಿದ್ದರೆ ಕಪ್ಪಾಯಿತು. ಪ್ರತಿ ಸಲ ಈ ಒಂದು ಅಂಕಿ ಬರೆದಿಡಿ.

ಅವತ್ತೇ ಕುಡಿಯುವ ಆಸೆ ತಡೆದುಕೊಳ್ಳಿ. ಹುರಿದ ಬೀಜದಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿರುತ್ತದೆ, ನೀರನ್ನು ಒಳಗೆ ಬಿಡುವುದಿಲ್ಲ. ಮೂರು ನಾಲ್ಕು ದಿನ ಕಳೆಯಲಿ. ಐದರಿಂದ ಇಪ್ಪತ್ತನೇ ದಿನದವರೆಗೆ ಅದರ ಒಳ್ಳೇ ಕಾಲ.

ಇದೆಲ್ಲ ಆಗದವರು ಹುರಿದ ಬೀಜವನ್ನೇ ಕೊಳ್ಳಿ, ಹುರಿದ ತಾರೀಖು ಇರುವ ಪೊಟ್ಟಣ. ‘ಇಂಥ ತಿಂಗಳೊಳಗೆ ಬಳಸಿ’ ಅಂತ ಮಾತ್ರ ಇದ್ದರೆ ಬಿಡಿ. ಕಾಫಿಪುಡಿ ಅಂಗಡಿಯಲ್ಲಿ ಪುಡಿ ಮಾಡಿಸುವುದಾದರೆ ಒಂದು ಎಚ್ಚರಿಕೆ: ಆ ಯಂತ್ರದ ಹೊಟ್ಟೆಯಲ್ಲಿ ಹಿಂದಿನ ಗಿರಾಕಿಯ ಚಿಕೋರಿ ಕೂತಿರುತ್ತದೆ. ನಿಮ್ಮದೇ ಒಂದು ಹಿಡಿ ಬೀಜ ಮೊದಲು ಓಡಿಸಿ, ಆ ಪುಡಿ ಎಸೆದು, ಆಮೇಲೆ ಉಳಿದದ್ದು.

ನೀರು

ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 770 ಮೀಟರ್ ಮೇಲಿದೆ; ನಮ್ಮಲ್ಲಿ ನೀರು ಕುದಿಯುವುದೇ 97 ಡಿಗ್ರಿ ಆಸುಪಾಸಿನಲ್ಲಿ. ಹಾಗಾಗಿ ‘ಕುದಿಯುವ ನೀರು ಹಾಕಿದರೆ ಕಾಫಿ ಸುಡುತ್ತದೆ’ ಎಂಬ ಹೆದರಿಕೆ ನಮಗೆ ಬೇಡ. ಕುದಿ ಬಂದು ಅರ್ಧ ನಿಮಿಷ ಬಿಟ್ಟು ಹಾಕಿ. ಬೋರ್‌ವೆಲ್ ನೀರು ಗಡುಸು, ಹುಳಿಯನ್ನು ನುಂಗಿಬಿಡುತ್ತದೆ. ಆರ್‌ಒ ನೀರು ಚಪ್ಪೆ, ಅದರಲ್ಲಿ ಕಾಫಿಯೂ ಚಪ್ಪೆ. ಕಾವೇರಿ ನಲ್ಲಿಯ ನೀರನ್ನು ಸಾದಾ ಫಿಲ್ಟರಿಗೆ ಹಾಕಿದ್ದು ನನಗೆ ಸರಿಹೋಗಿದೆ.

ಫಿಲ್ಟರಿನಲ್ಲಿ

ಸಿಂಗಲ್ ಒರಿಜಿನ್ ಅಂದರೆ ನಮ್ಮ ಫಿಲ್ಟರ್ ಅಟ್ಟಕ್ಕೆ ಹಾಕಿ ಗಾಜಿನ ಕೊಳವೆ ತರಬೇಕು ಅಂತೇನಿಲ್ಲ. ಚಿಕೋರಿಯ ಪುಡಿಗೆ ಒಗ್ಗಿದ ಕೈ ಮಾತ್ರ ಸ್ವಲ್ಪ ಬದಲಾಗಬೇಕು. ಚಿಕೋರಿ ನೀರು ಹೀರಿ ಊದಿ ಡಿಕಾಕ್ಷನ್ ಇಳಿಯುವುದನ್ನು ತಡೆಯುತ್ತದೆ. ಅದಿಲ್ಲದಿದ್ದರೆ ನೀರು ಸರ್ರನೆ ಜಾರಿ ಡಿಕಾಕ್ಷನ್ ನೀರಾಗುತ್ತದೆ. ಆದ್ದರಿಂದ ಅಂಗಡಿಯ ಪುಡಿಗಿಂತ ಒಂದು ಕೂದಲೆಳೆ ನುಣ್ಣಗೆ ಮಾಡಿ, ಸಣ್ಣ ರವೆಗೂ ಮೈದಾಕ್ಕೂ ನಡುವೆ.

20 ಗ್ರಾಂ ಪುಡಿ, ಮೇಲೆ ಒತ್ತುವ ಬಿಲ್ಲೆಯನ್ನು ಹಗುರಾಗಿ ಇಡಿ, ಒತ್ತಬೇಡಿ. ಮೊದಲು 40 ಮಿಲಿ ಬಿಸಿನೀರು ಸುತ್ತಲೂ ಹಾಕಿ ಒಂದು ನಿಮಿಷ ಬಿಡಿ. ಹೊಸ ಹುರಿಯಾದರೆ ಪುಡಿ ಉಬ್ಬಿ ಗುಳ್ಳೆ ಬಿಡುತ್ತದೆ. ಆಮೇಲೆ 80 ಮಿಲಿ. ಪುಡಿ ತನ್ನ ತೂಕದ ಎರಡರಷ್ಟು ನೀರು ಹಿಡಿದುಕೊಳ್ಳುತ್ತದೆ, ಕೆಳಗೆ ಸಿಗುವುದು ಸುಮಾರು 80 ಮಿಲಿ, ಇಬ್ಬರಿಗೆ ಸಾಕು. ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕು. ಐದೇ ನಿಮಿಷಕ್ಕೆ ಇಳಿದರೆ ಪುಡಿ ತರಿ, ಮುಕ್ಕಾಲು ಗಂಟೆಯಾದರೂ ನಿಂತಿದ್ದರೆ ತೀರಾ ನುಣ್ಣಗೆ.

ಹಾಲಿನ ವಿಷಯ. ತೆಳುವಾಗಿ ಹುರಿದ ವಾಶ್ಡ್ ಅರೇಬಿಕಾಗೆ ಗಟ್ಟಿ ಹಾಲು ಸುರಿದರೆ ಹುಳಿಗೂ ಹಾಲಿಗೂ ಜಗಳ, ಎರಡೂ ಸೋಲುತ್ತವೆ. ಹಾಲಿಗೆ ಹುಣಸೆಬೀಜದ ಬಣ್ಣದ ಹುರಿ, ಅಥವಾ ಪಾರ್ಚ್‌ಮೆಂಟ್ ರೊಬಸ್ಟಾ. ನಮ್ಮ ಮನೆಯಲ್ಲಿ ಅರೇಬಿಕಾ ಮೂರು ಪಾಲು, ಅದೇ ತೋಟದ ರೊಬಸ್ಟಾ ಒಂದು ಪಾಲು ಬೆರೆಸುತ್ತೇವೆ. ತೋಟ ಒಂದೇ ಆದ್ದರಿಂದ ಹೆಸರಿಗೆ ಮೋಸವಿಲ್ಲ. ಚಿಕೋರಿ ಬೇಕೇ ಬೇಕೆಂಬ ಹಿರಿಯರಿದ್ದರೆ ನೂರಕ್ಕೆ ಐದರಿಂದ ಶುರುಮಾಡಿ, ಯುದ್ಧ ಬೇಡ.

ಕಪ್ಪು ಕಾಫಿ, ರುಚಿ ನೋಡುವುದು

ಹೊಸ ಬೀಜ ಬಂದಾಗ ಒಮ್ಮೆಯಾದರೂ ಹಾಲು ಸಕ್ಕರೆ ಇಲ್ಲದೆ ನೋಡಬೇಕು. ಸ್ಟೀಲ್ ಲೋಟಕ್ಕೆ 8 ಗ್ರಾಂ ತರಿಪುಡಿ, 150 ಮಿಲಿ ನೀರು. ನಾಲ್ಕು ನಿಮಿಷ ಮುಟ್ಟಬೇಡಿ. ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆಯುವಾಗ ಮೂಗು ಲೋಟದ ಹತ್ತಿರ ಇರಲಿ, ಘಮ ಹೆಚ್ಚು ಬರುವುದು ಆಗಲೇ. ನೊರೆ ತೆಗೆದು, ಹತ್ತು ನಿಮಿಷ ಬಿಟ್ಟು, ಚಮಚದಲ್ಲಿ ಸೊರ್ರೆಂದು ಎಳೆದು ಕುಡಿಯಿರಿ. ಸದ್ದು ಮಾಡಿ, ಮನೆಯಲ್ಲಿ ಯಾರೂ ಕೇಳುವುದಿಲ್ಲ. ಬಿಸಿ ಇದ್ದಾಗ ಎಲ್ಲ ಕಾಫಿಯೂ ಚೆನ್ನ. ಆರುತ್ತಾ ಹೋದಾಗ ಒಳ್ಳೆಯದು ಸಿಹಿಯಾಗುತ್ತದೆ, ಕೆಟ್ಟದ್ದು ಬಾಯಿ ಒಗರು ಮಾಡುತ್ತದೆ.

ವಿದೇಶದ ಪಟ್ಟಿಗಳಲ್ಲಿ ಬ್ಲೂಬೆರಿ, ಬರ್ಗಮಾಟ್ ಅಂತೆಲ್ಲ ಇರುತ್ತದೆ. ತಿಂದಿಲ್ಲದ ಹಣ್ಣಿನ ರುಚಿ ಹುಡುಕಿ ಏನು ಮಾಡುವುದು? ಕಿತ್ತಳೆ ಸಿಪ್ಪೆ, ನೇರಳೆ, ಹುರಿದ ಕಡಲೆಬೀಜ, ಆಲೆಮನೆಯ ನೊರೆ, ಏಲಕ್ಕಿ, ಹಸಿ ಗೋಧಿಹಿಟ್ಟು, ಹೀಗೆ ಬರೆದುಕೊಳ್ಳಿ. ಹಸಿ ಹಿಟ್ಟು ಅನ್ನಿಸಿದರೆ ಹುರಿ ಸಾಲದು, ಬೂದಿ ಅನ್ನಿಸಿದರೆ ಹೆಚ್ಚಾಯಿತು. ಕಪ್ಪು ಕಾಫಿ ಅಭ್ಯಾಸವಿಲ್ಲದವರು ಮಲೆನಾಡಿನವರಂತೆ ಒಂದು ಚೂರು ಬೆಲ್ಲ ಹಾಕಿಕೊಳ್ಳಲಿ. ಮಂಡ್ಯದ ಕಂದು ಬೆಲ್ಲ ಎಸ್ 795ರ ಜೊತೆ ಚೆನ್ನಾಗಿ ಸೇರುತ್ತದೆ, ರಾಸಾಯನಿಕ ಹಾಕಿ ಬಿಳುಪು ಮಾಡಿದ್ದು ಬೇಡ.

ಡಬ್ಬಿಯ ಮೇಲೆ ಚೀಟಿ ಅಂಟಿಸಿ: ಊರು, ತಳಿ, ಕುಯ್ಲಿನ ತಿಂಗಳು, ಹುರಿದ ದಿನ, ಇಳಿದ ತೂಕ, ಎರಡು ಮಾತು ರುಚಿ. ಅದೇ ತೋಟದ್ದೂ ಮುಂದಿನ ವರ್ಷ ಹೀಗೇ ಇರುವುದಿಲ್ಲ. ಹೂಮಳೆ ಹಿಂದೆಮುಂದಾದರೆ, ಕುಯ್ಲಿನ ಹೊತ್ತಿಗೆ ಮಳೆ ಸುರಿದರೆ, ಲೋಟದಲ್ಲಿ ಗೊತ್ತಾಗುತ್ತದೆ.

ಇನ್ನೊಂದು ಕೆಲಸ, ಖರ್ಚು ಕಡಿಮೆ. ಪ್ರತಿ ವರ್ಷ ಚೆನ್ನಾಗಿ ಬಂದ ಹುರಿಯಲ್ಲಿ ನೂರು ಗ್ರಾಂ ಪುಡಿ ಮಾಡಿ ಬೆಳೆಗಾರರಿಗೇ ಕೊರಿಯರ್ ಮಾಡಿ. ತೋಟದ ಮನೆಗಳಲ್ಲಿ ಒಳ್ಳೆಯದೆಲ್ಲ ಮಾರಿ, ಉಳಿದ ಒಡಕು ಬೀಜವನ್ನೇ ಕಪ್ಪಗೆ ಹುರಿದು ಕುಡಿಯುವುದು ಸಾಮಾನ್ಯ. ನಮ್ಮ ಸೋಮವಾರಪೇಟೆಯ ಬೆಳೆಗಾರರು ಮೊದಲ ಪೊಟ್ಟಣ ಸಿಕ್ಕ ದಿನ ಸಂಜೆ ಫೋನ್ ಮಾಡಿದರು. ‘ಸಾರ್, ಬೆಲ್ಲದ ವಾಸನೆ ಬರ್ತಾ ಇದೆ. ಇದಕ್ಕೆ ಏನು ಸೇರಿಸಿದ್ರಿ?’ ಏನೂ ಇಲ್ಲ, ನಿಮ್ಮ ತೋಟದ ಮೇಲ್ಭಾಗದ ಪಟ್ಟಿಯ ಡಿಸೆಂಬರ್ ಕುಯ್ಲು ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಪಟ್ಟಿಯ ಆ ತುದಿಯ ಹಣ್ಣನ್ನು ಮುಂದಿನ ಸಲ ಬೇರೆ ಒಣಗಿಸಿ ಇಡುತ್ತೇನೆ, ಎಷ್ಟು ಕೆಜಿ ಬೇಕು ಈಗಲೇ ಹೇಳಿ ಅಂದರು.